ಅಕ್ಕಿಕಾಳಿನಷ್ಟು ತುಟಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ವೈದ್ಯೆ ಗುಲ್ಸಾನಾ ಅವರೇ, ಆಗಲೇ ಪಲಾವಿನ ವಾಸನೆ ಹಿಡಿದು ಬಾಗಿಲ ಕಡೆ ನೋಡುತ್ತಿರುವ ಓಶ್ ನಗರದ ಸಭಿಕರೇ,

ಸಬಿರ್‌ಕುಲ್‌ನ ಕ್ಯಾಮೆರಾ ಇಪ್ಪತ್ತೇಳು ವರ್ಷಗಳಲ್ಲಿ ಒಂದು ಸುಳ್ಳೂ ಹೇಳಿಲ್ಲ ಎಂದು ಅಧ್ಯಕ್ಷರು ನನ್ನನ್ನು ಹೊಗಳಿದರು, ನಿವೃತ್ತಿಯ ಸನ್ಮಾನವೆಂದು ಈ ನಿಲುವಂಗಿ ಹೊದಿಸಿದರು. ನಿಜ, ಕ್ಯಾಮೆರಾ ಹೇಳಿಲ್ಲ.

ಆಸ್ಪತ್ರೆಯಲ್ಲಿ ನನ್ನ ಕೆಲಸವೇನಿತ್ತು? ಸೀಳುತುಟಿ, ಸೀಳು ಅಂಗುಳದ ಮಕ್ಕಳನ್ನು ವರ್ಷಕ್ಕೊಮ್ಮೆ ಪಕ್ಕಕ್ಕೆ ತಿರುಗಿಸಿ ಫೋಟೋ ತೆಗೆಯುವುದು. ಮೂಗು, ಮೇಲ್ತುಟಿ, ಗಲ್ಲ. ಹೊಲಿದ ತುಟಿ, ಅದರ ಹಿಂದಿನ ದವಡೆ ಮಗುವಿನ ಜೊತೆ ಬೆಳೆಯುತ್ತಿವೆಯೋ, ಹಿಂದೆ ಬೀಳುತ್ತಿವೆಯೋ? ಗುಲ್ಸಾನಾ ಅವರು ತೆಳು ಹಾಳೆಯಲ್ಲಿ ಮುಖದ ಗೆರೆ ಎಳೆದು, ಹೋದ ವರ್ಷದ ಗೆರೆಯ ಮೇಲಿಟ್ಟು ನೋಡುತ್ತಿದ್ದರು. ಚಳಿಗಾಲದಲ್ಲಿ ದಾರಿ ಹಿಮದಲ್ಲಿ ಮುಚ್ಚಿರುತ್ತದೆ, ಬೇಸಿಗೆಯಲ್ಲಿ ಜನ ಕುರಿ ಹೊಡೆದುಕೊಂಡು ಬೆಟ್ಟದ ಹುಲ್ಲುಗಾವಲು ಸೇರುತ್ತಾರೆ. ಹಾಗಾಗಿ ನಾನೇ ಹತ್ತಿಹೋಗಿ ಫೋಟೋ ತರುತ್ತಿದ್ದೆ.

ಅದಕ್ಕೂ ಮೊದಲು ನಾನು ಮದುವೆ ಫೋಟೋದವನು. ಮೊಡವೆ ಅಳಿಸಿದ್ದೇನೆ, ಬೋಳುತಲೆಯ ಮದುಮಗನಿಗೆ ಕೂದಲು ಬರೆದಿದ್ದೇನೆ. ಕೈಗೆ ಆ ಚಟ ಅಂಟಿತ್ತು.

ಆ ಮಕ್ಕಳಲ್ಲೊಬ್ಬಳು ಐಜಿರೆಕ್, ಆಗ ಏಳು ವರ್ಷ. ಗುಡಾರದ ಬಾಗಿಲಲ್ಲಿ ಅವಳಜ್ಜಿ ನನಗೊಂದು ಬಟ್ಟಲು ಹುಳಿ ಕುದುರೆಹಾಲು ಕೊಟ್ಟು, "ತಮ್ಮಾ, ಗೋಡೆಗೆ ಹಾಕೋದಕ್ಕೂ ಒಂದು ಕೊಡಪ್ಪಾ. ತುಟಿ ಒಂಚೂರು ಮುಂದೆ ಮಾಡು. ನಿನ್ನ ಕೈಯೇನು ಸವೆದುಹೋಗತ್ತಾ?" ಅಂದರು.

ತಿದ್ದಿದೆ, ಅಕ್ಕಿಕಾಳಿನಷ್ಟು. ತಿದ್ದಿದ್ದು ನೆಗೆಟಿವ್ ಮೇಲೆ. ಗೋಡೆಗೂ ಅದೇ, ಕಡತಕ್ಕೂ ಅದೇ.

ಗುಲ್ಸಾನಾ ಅವರು ಕುಣಿದರು. "ಸಬಿರ್‌ಕುಲಣ್ಣ, ನೋಡಿ, ತುಟಿ ಎಷ್ಟು ಚೆನ್ನಾಗಿ ಬೆಳೆದಿದೆ! ಮೇಲ್ದವಡೆ ಮುಂದಕ್ಕೆ ಎಳೆಯೋ ಪಟ್ಟಿ ಈ ಹುಡುಗಿಗೆ ಬೇಡ ಬಿಡಿ." ಆ ಸಂತೋಷ ಕೆಡಿಸಲಾಗದೆ ನಾನೂ ಹೌದೆಂದು ತಲೆಯಾಡಿಸಿದೆ. ಮರುವರ್ಷ ಬೆಳೆದ ತುಟಿ ಹಿಂದೆ ಸರಿಯುವುದುಂಟೇ? ಮತ್ತೆ ತಿದ್ದಿದೆ. ಅದರ ಮುಂದಿನ ಎರಡು ವರ್ಷವೂ ತಿದ್ದಿದೆ.

ಹನ್ನೊಂದನೇ ವಯಸ್ಸಿಗೆ ಹುಡುಗಿ ತಾನೇ ಇಲ್ಲಿಯ ಆಸ್ಪತ್ರೆಗೆ ಬಂದಳು. ಗುಲ್ಸಾನಾ ಅವರು ಅವಳ ಮುಖ ನೋಡಿದರು, ಫೋಟೋ ನೋಡಿದರು, ನನ್ನನ್ನು ನೋಡಿದರು. "ಬೆಳಕಿನ ದೋಷ" ಅಂದೆ. ಪಟ್ಟಿ ಹಾಕುವ ವಯಸ್ಸು ದಾಟಿಹೋಗಿತ್ತು. ಹದಿನೆಂಟಕ್ಕೆ ದವಡೆಯ ಮೂಳೆ ಕತ್ತರಿಸಿ ಮುಂದೆ ತಂದರು. ಆರು ವಾರ ಆ ಹುಡುಗಿ ಬರೀ ಗಂಜಿ ಕುಡಿದಳು.

ಗುಲ್ಸಾನಾ ಅವರು ಇಂದಿಗೂ ವಿದ್ಯಾರ್ಥಿಗಳಿಗೆ ಹೇಳುತ್ತಾರೆ: "ಐಜಿರೆಕ್ ವಿಷಯದಲ್ಲಿ ನನ್ನ ಕಣ್ಣು ಸೋತಿತು." ತಾಯೀ, ಸೋತದ್ದು ನಿಮ್ಮ ಕಣ್ಣಲ್ಲ. ಈ ಮಾತು ಹೇಳಲು ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು. ನಿಲುವಂಗಿ ವಾಪಸ್ ಬೇಕಿದ್ದರೆ ತೆಗೆದುಕೊಳ್ಳಿ, ಹೇಗೂ ಸೆಖೆಯಾಗುತ್ತಿದೆ.

ನನ್ನ ಜಾಗಕ್ಕೆ ಬಂದಿರುವ ಛಾಯಾಗ್ರಾಹಕಿ ಅಗೋ, ಆ ಕಂಬದ ಪಕ್ಕ ನಿಂತಿದ್ದಾಳೆ. ಐಜಿರೆಕ್, ಕ್ಯಾಮೆರಾ ಇಳಿಸಬೇಡ ಮಗಳೇ. ನಾನು ಪಕ್ಕಕ್ಕೆ ತಿರುಗಿ ನಿಲ್ಲುತ್ತೇನೆ. ಮೂಗು, ತುಟಿ, ಗಲ್ಲ, ಹೇಗಿದೆಯೋ ಹಾಗೆ ತೆಗಿ. ಅಕ್ಕಿಕಾಳಿನಷ್ಟೂ ತಿದ್ದಬೇಡ. ನಿನ್ನ ಕಡತದಲ್ಲಿ, ನಾನು ತಿದ್ದಿದ ಆ ನಾಲ್ಕು ಫೋಟೋಗಳ ಪಕ್ಕದಲ್ಲಿಡು.

ಇಷ್ಟು ಹೊತ್ತು ಪಲಾವನ್ನು ಆರಲು ಬಿಟ್ಟು ಕೇಳಿದಿರಿ, ನಿಮ್ಮೆಲ್ಲರ ಉಪಕಾರ ದೊಡ್ಡದು. ನಮಸ್ಕಾರ.