ಪುದೀನಾ ಯಾರಿಗಿ?

ಮರೆಮ್ಮ ಇಮಾಮ್ಬೀಯ ಮನೆಯಿಂದ ಹೊರಟಾಗ ದೀಪ ಹಚ್ಚಿ ಎರಡು ತಾಸಾಗಿತ್ತು. ಶಹಾಬಾದಿನಲ್ಲಿ ನಮ್ಮ ಮಗ್ಗಲ ಮನೆಯವಳೇ ಈ ಮರೆಮ್ಮ. ಎಪ್ಪತ್ತೊಂದನೇ ಇಸವಿಯ ಮಾತು. ಹೇಳಲಿಕ್ಕೆ ನನಗೇ ಹೇಸಿಗೆ... ಆದರೂ ಕೇಳಿ.

ಅವಳ ಗಂಡ ಅಂಬಾರಾಯ ಫರಸಿ ಕಲ್ಲಿಗೆ ಪಾಲಿಶ್ ಮಾಡುವವ. ಹೊಟ್ಟೆ ಕೊಯ್ದು ಅಪೆಂಡಿಕ್ಸ್ ತೆಗೆದಿದ್ದರು. ಮನೆಗೆ ಬಂದಮೇಲೂ ವಾಕರಿಕೆ ನಿಲ್ಲಲಿಲ್ಲ. ಗುಟುಕು ನೀರು ಕುಡಿದರೂ ಹಸಿರು ಪಿತ್ತ ಕಾರುತ್ತಿದ್ದ. ಹೊದ್ದ ಕೌದಿ, ಬೋಗುಣಿ, ಅವಳ ಸೆರಗು, ಎಲ್ಲಕ್ಕೂ ಹುಳಿ ನಾತ. ರೊಟ್ಟಿ ಮುರಿಯಲು ಕೈ ಹಾಕಿದರೆ ಅವಳಿಗೇ ಓಕರಿಕೆ. ಕಟ್ಟಿಕೊಂಡ ಗಂಡನ ಮೇಲೆ ಇಷ್ಟು ಹೇಸಿಗೆಯೇ ಎಂದು ತನ್ನ ಮೇಲೂ ಹೇಸಿಕೊಂಡಳು. ಆದರೆ ಡಾಕ್ಟರು ಎಚ್ಚರಿಸಿದ್ದರು: ಹೀಗೇ ಕಾರಿದರೆ ಹೊಲಿಗೆ ಬಿಚ್ಚುತ್ತದೆ, ಆಮೇಲೆ ಜೀವ ಉಳಿಯುವುದು ಕಷ್ಟ.

ಗಿಡಮೂಲಿಕೆ ಬಲ್ಲ ಇಮಾಮ್ಬೀ ಶುಂಠಿ, ಜೀರಿಗೆ ಕೊಟ್ಟಳು. ಬಾವಿಯ ದಂಡೆಯ ಪುದೀನಾ ಸೇರಿಸಿ ಕುದಿಸಬೇಕು. ಆದರೆ ದೀಪ ಹಚ್ಚಿದ ಮೇಲೆ ಗಿಡ ಮಲಗಿರುತ್ತದೆ. ಎಬ್ಬಿಸಿ, ಯಾರಿಗೆ ಬೇಕೆಂದು ಹೆಸರು ಹೇಳಿ ಮುರಿಯಬೇಕು ಅಂದಳು. ಮರೆಮ್ಮ ಹೂಂ ಅಂದು ಬಂದಳು. ಗಂಡನ ಹೆಸರನ್ನು ಬಾಯಲ್ಲಿ ತರುವುದು ಹೇಗೆಂದು ಮಾತ್ರ ಕೇಳಲಿಲ್ಲ.

ಆ ಪುದೀನಾ ಹಚ್ಚಿ ಬೆಳೆಸಿದವಳು ಅಂಬಾರಾಯನ ಮೊದಲ ಹೆಂಡತಿ ಭೀಮಮ್ಮ. ಅದೇ ಬಾವಿಯಲ್ಲಿ ಕಾಲು ಜಾರಿ ಸತ್ತು ಆರು ವರ್ಷವಾಗಿತ್ತು.

ಬಾವಿ ಬಂತು. ಗಾಳಿ ಇಲ್ಲ. ಕೆಳಗೆ ನೀರು ಮಾತ್ರ... ತೊಟ್... ತೊಟ್...

ಮರೆಮ್ಮ ಬಗ್ಗಿ ಎಲೆ ಸವರಿದಳು. "ಏಳವ್ವಾ, ಔಷಧಕ್ಕ ಬೇಕಾಗ್ಯಾದ."

"ಯಾರಿಗಿ?"

ಪಿಸುಮಾತು. ಇಮಾಮ್ಬೀಯೇ ಹಿಂದೆ ಬಂದಳೇನೋ ಅಂದುಕೊಂಡಳು.

"ನಮ್ಮ ಮನಿಯವರಿಗಿ."

"ನಮ್ಮ... ಅಂದ್ರ?"

"ನಮ್ಮವರಿಗೇರಿ."

ಮರೆಮ್ಮ ಒಂದು ಹಿಡಿ ಮುರಿದಳು. ಕೆಳಗೆ ಗುಳುಕ್ ಎಂದು ನೀರು ಕದಲಿತು.

"ಹಂಗಾರ ನಾನೇ ಕುಡಸ್ತೀನಿ, ಬಿಡು."

ಹಿಂದೆ ಯಾರೂ ಇರಲಿಲ್ಲ. ಮುಷ್ಟಿಯಲ್ಲಿದ್ದ ಪುದೀನಾ ಬೆಚ್ಚಗಾಗಿತ್ತು, ಲೋಳೆಲೋಳೆ... ಯಾರೋ ಅಗಿದು ಕೈಗೆ ಉಗುಳಿದ ಹಾಗೆ. ಅಲ್ಲೇ ಎಸೆದು ಓಡಿದಳು.

ಬಾಗಿಲ ಚಿಲಕ ತಾನು ಹಾಕಿ ಹೋದ ಹಾಗೇ ಇತ್ತು. ಒಳಗೆ ಸದ್ದು... ಚಪ್, ಚಪ್, ಚಪ್. ಆಮೇಲೆ ಗುಟುಕ್.

ತೆಗೆದಳು. ಕಂದೀಲಿನ ಬೆಳಕಿನಲ್ಲಿ ಒಬ್ಬ ಹೆಂಗಸು, ಬೆನ್ನು ಈ ಕಡೆ. ತೊಡೆಯ ಮೇಲೆ ಅಂಬಾರಾಯನ ತಲೆ. ಸೊಪ್ಪು ಅಗಿಯುತ್ತಿದ್ದಳು. ಅಗಿದು, ಬಗ್ಗಿ, ಅವನ ಬಾಯಿಗೇ ಉಗುಳುತ್ತಿದ್ದಳು. ಗಲ್ಲದ ಮೇಲೆ ಹಸಿರು ಜೊಲ್ಲು ಇಳಿಯುತ್ತಿತ್ತು, ಬಾವಿಯ ಪಾಚಿಯ ನಾತ. ಅವನು ಕಣ್ಣು ಮುಚ್ಚಿ ಗುಟುಕ್, ಗುಟುಕ್ ಎಂದು ನುಂಗುತ್ತಿದ್ದ. ಒಂದು ಸಲವೂ ವಾಕರಿಸಲಿಲ್ಲ.

ಮರೆಮ್ಮನಿಗೆ ಓಕರಿಕೆ ಬಾಯಿವರೆಗೂ ಬಂತು. ಅದನ್ನು ಅಲ್ಲೇ ನುಂಗಿ, ಹುಟ್ಟಿದಾಗಿನಿಂದ ಆಡದ ಮಾತು ಆಡಿದಳು.

"ಅಂಬಾರಾಯಗ. ನನ್ನ ಗಂಡ ಅಂಬಾರಾಯಗ ಬೇಕಾಗಿತ್ತು. ನೀ ನಡಿ."

ಅಗಿಯುವ ಸದ್ದು ನಿಂತಿತು. ಮರೆಮ್ಮ ಕಂದೀಲಿನ ಬತ್ತಿ ಏರಿಸುವಷ್ಟರಲ್ಲಿ ಅಲ್ಲಿ ಯಾರೂ ಇಲ್ಲ. ನೆಲ ಮಾತ್ರ ಒದ್ದೆ.

ಅಂಬಾರಾಯ ಮತ್ತೆ ಕಾರಿಕೊಳ್ಳಲಿಲ್ಲ. ಎಂಟನೇ ದಿನ ಕಂಪೌಂಡರ್ ಕಲ್ಯಾಣಪ್ಪ ಹೊಲಿಗೆ ಬಿಚ್ಚಲು ಬಂದ. ದವಾಖಾನೆಯ ಚೀಟಿಯಲ್ಲಿ ಬರೆದದ್ದು ಐದು ಹೊಲಿಗೆ. ಗಾಯದ ಮೇಲೆ ಇದ್ದವು ಆರು. ಐದು ಕರಿ ದಾರ. ಆರನೆಯದು ಕೂದಲು. ಚಿಮಟ ಜಾರಿತೆಂದು ಎರಡು ಬೆರಳಲ್ಲಿ ಹಿಡಿದು ಎಳೆದ... ಬಂತು, ಬಂತು, ಮೊಳಕ್ಕಿಂತ ಉದ್ದ ಬಂತು, ಒದ್ದೆಯಾಗಿ.

ಸುಳ್ಳು ಅನ್ನುವವರು ಹೋಗಿ ನೋಡಿ. ಕಲ್ಯಾಣಪ್ಪ ಈಗ ವಾಡಿ ಊರಲ್ಲಿದ್ದಾನೆ. ಇವತ್ತಿಗೂ ಆ ಬೆರಳು ಬಾಯಿಗೆ ತಾಗಿಸದೆ ಚಮಚದಲ್ಲೇ ಉಣ್ಣುತ್ತಾನೆ.