ಇಬ್ಬರೂ ಬಂದಿದ್ದೇವೆ

ಕೊಚ್ಚಿ ಕನ್ನಡ ಬಳಗದ ಅಧ್ಯಕ್ಷರಾದ ವಿಶ್ವೇಶ್ವರ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಊಟದ ಹೊತ್ತು ಮೀರಿದರೂ ಎದ್ದು ಹೋಗದ ಸಭಿಕರೇ,

ಮೊದಲಿಗೆ ಒಂದು ಕ್ಷಮೆ. ಮೊಬೈಲ್ ಆಫ್ ಮಾಡಿ ಎಂದು ಕಾರ್ಯದರ್ಶಿ ಪಾವನಾ ಅವರು ಹೇಳಿದ್ದಾರೆ. ನನ್ನದು ಆನ್ ಆಗಿಯೇ ಇದೆ, ಇಗೋ, ಮೈಕಿನ ಪಕ್ಕದಲ್ಲೇ ಇಟ್ಟಿದ್ದೇನೆ. ಅದು ಹೊಡೆದುಕೊಂಡರೆ ಮಾತು ಅರ್ಧಕ್ಕೆ ಬಿಟ್ಟು ಓಡುತ್ತೇನೆ. ಭಾಷಣ ಬೇಗ ಮುಗಿದರೆ ನಿಮಗೂ ಲಾಭವೇ.

ಶ್ರೀಕಂಠ ಅವರು ಬಡ್ತಿ ಪಡೆದು ತಿರುವನಂತಪುರಕ್ಕೆ ಹೋಗಿದ್ದಾರೆ ಎಂದು ಅಧ್ಯಕ್ಷರು ನನ್ನನ್ನು ಹೊಗಳಿದರು. ಬಡ್ತಿ ಬಂದದ್ದು ನಿಜ, ಆದರೆ ಮುಂಬೈಗೆ. ಅದನ್ನು ಬೇಡವೆಂದು ಹೇಳಿ, ತಿರುವನಂತಪುರದ ಡಿಪೋವನ್ನು ಕೇಳಿ ಪಡೆದೆ. ಇಲ್ಲೇ ಏಲೂರಿನ ಕಾರ್ಖಾನೆಯಲ್ಲಿ ನನ್ನ ಕೈಕೆಳಗೆ ಒಂದು ವಿಭಾಗವೇ ಇತ್ತು. ಆ ಡಿಪೋದಲ್ಲಿ ಒಂದು ಗೋದಾಮು, ಒಂದು ತೂಕದ ಯಂತ್ರ, ನಾನು. ನಮ್ಮ ಮ್ಯಾನೇಜರ್ ವಿನ್ಸೆಂಟ್ ಸಾರ್ ತಲೆ ಚಚ್ಚಿಕೊಂಡರು. "ಎಲ್ಲರೂ ಕೆಲಸ ಸಿಕ್ಕ ಊರಲ್ಲಿ ಶಾಲೆ ಹುಡುಕುತ್ತಾರೆ. ನೀನು ಶಾಲೆ ಸಿಕ್ಕ ಊರಲ್ಲಿ ಕೆಲಸ ಹುಡುಕುತ್ತೀಯಲ್ಲೋ!" ಅವರು ಹೇಳಿದ್ದು ಸರಿ.

1998ರಲ್ಲಿ ಹುಟ್ಟಿದ ನಮ್ಮ ಮಗ ಕಾರ್ತಿಕೇಯನಿಗೆ ಈಗ ಒಂಬತ್ತು ವರ್ಷ. ಅವನಿಗೆ ಆಟಿಸಂ. ಮಾತು ಕಡಿಮೆ, ಸದ್ದೆಂದರೆ ಪ್ರಾಣಸಂಕಟ. ಶಾಲೆಯ ಬೆಲ್ ಹೊಡೆದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಇಲ್ಲಿಯ ಶಾಲೆಯಿಂದ ನನಗೆ ಫೋನ್ ಬರುತ್ತಿತ್ತು: "ಸಾರ್, ಒನ್ನು ವರಣಂ." ಹೊಸದಾಗಿ ಬಂದಿರುವ ಐ.ಟಿ. ಹುಡುಗರಿಗಾಗಿ ಹೇಳುತ್ತೇನೆ, ಒಮ್ಮೆ ಬನ್ನಿ ಎಂದರ್ಥ. ಅಷ್ಟು ವಿನಯದ ಮಾತು ಇನ್ನೊಂದಿಲ್ಲ, ನನ್ನನ್ನು ಅಷ್ಟು ಹೆದರಿಸಿದ ಮಾತೂ ಇನ್ನೊಂದಿಲ್ಲ. ಕೊನೆಗೊಂದು ದಿನ, ಇನ್ನು ಕಳಿಸಬೇಡಿ ಎಂದರು.

ನನ್ನ ಹೆಂಡತಿ ಕೌಸಲ್ಯಾ ಶಾಲೆ ಹುಡುಕಲು ಹೊರಟಳು. ಕೊಚ್ಚಿ ಮುಗಿಯಿತು, ತಿರುವನಂತಪುರದ ರೈಲು ಹತ್ತಿದಳು. ಒಬ್ಬರು ಸೀಟಿಲ್ಲ ಎಂದರು. ಒಬ್ಬರು ಬೇರೆ ಮಕ್ಕಳ ಅಪ್ಪ-ಅಮ್ಮ ಒಪ್ಪುವುದಿಲ್ಲ ಎಂದರು. ಒಬ್ಬರು ಎಲ್ಲ ಕೇಳಿಸಿಕೊಂಡು, ಚಹಾ ಕೊಟ್ಟು, ಆಮೇಲೆ ಇಲ್ಲ ಎಂದರು. ಕೊನೆಗೆ, ರಾಕೆಟ್ ಕೇಂದ್ರವಿರುವ ತುಂಬ ಎಂಬ ಊರಿನ ಹತ್ತಿರ ಒಂದು ಸಣ್ಣ ಶಾಲೆ, ವಿಜ್ಞಾನಿಗಳ ಮಕ್ಕಳೂ ಮೀನುಗಾರರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಶಾಲೆ. ಅಲ್ಲಿಯ ಸುಮಿತ್ರ ಟೀಚರ್ ಇವನಿಗೆ ಏನೇನು ಬರುತ್ತದೆ ಎಂದು ಕೇಳಲಿಲ್ಲ. ಯಾವುದರ ಭಯ ಎಂದು ಕೇಳಿದರು. "ರೀ, ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿರ್ಲಿಲ್ಲ ಕಣ್ರೀ" ಎಂದು ಕೌಸಲ್ಯಾ ಸ್ಟೇಷನ್ನಿನಿಂದಲೇ ಫೋನ್ ಮಾಡಿ ಅತ್ತಳು.

ಆ ಟೀಚರ್ ಮಾಡಿದ್ದೇನು ಗೊತ್ತೇ? ಬೆಲ್ ಬಾರಿಸುವ ಕೆಲಸವನ್ನು ಅವನಿಗೇ ಕೊಟ್ಟರು. ಅಲ್ಲಿಯದು ತೂಗುಹಾಕಿದ ಕಬ್ಬಿಣದ ತುಂಡು, ಒಂದು ಸುತ್ತಿಗೆ. ಮೊದಮೊದಲು ದೂರದಲ್ಲಿ ಕಿವಿ ಮುಚ್ಚಿ ನಿಂತ. ಆಮೇಲೆ ಟೀಚರ್ ಪಕ್ಕಕ್ಕೆ ಬಂದ. ಈಗ ಸುತ್ತಿಗೆ ಅವನ ಕೈಯಲ್ಲಿದೆ. ಸದ್ದು ಯಾವಾಗ ಬರುತ್ತದೆಂದು ತನಗೇ ಗೊತ್ತಿದ್ದರೆ ಭಯವೇಕೆ? ಇಷ್ಟು ಸುಲಭದ ಮಾತು ಅಪ್ಪನಾದ ನನಗೇಕೆ ಹೊಳೆಯಲಿಲ್ಲ?

ಬಳಗದಲ್ಲಿ ನಮಗೆ ಸೂರ್ಯ-ಚಂದ್ರ ಎಂಬ ಅಡ್ಡಹೆಸರಿತ್ತು, ನನಗೆ ಗೊತ್ತು. ರಾಜ್ಯೋತ್ಸವಕ್ಕೆ ನಾನು ಬಂದರೆ ಸಂಕ್ರಾಂತಿಗೆ ಅವಳು. ಗಂಡ-ಹೆಂಡತಿಗೆ ಆಗಿಬರುವುದಿಲ್ಲ ಎಂದೂ ಕೆಲವರು ತೀರ್ಮಾನಿಸಿದ್ದಿರಿ. ಕಾರಣ ಹೇಳಬಾರದೆಂದಿದ್ದೆ, ಬಾಯಿಗೆ ಬಂದೇಬಿಟ್ಟಿತು. ಒಂದು ಯುಗಾದಿಗೆ ಮೂವರೂ ಬಂದಿದ್ದೆವು. ಚಪ್ಪಾಳೆಯ ಸದ್ದಿಗೆ ಕಾರ್ತಿಕೇಯ ಕಿರುಚಿದ. "ಇಂಥ ಮಗೂನ ಯಾಕಪ್ಪಾ ಕರ್ಕೊಂಡ್ ಬರ್ತೀರಿ?" ಎಂದರು ಒಬ್ಬರು. ಹೆಸರು ಬೇಡ. ಇಂದು ನನಗೆ ಹಾರ ಹಾಕಿದವರೂ ಅವರೇ. ಹಾರ ಚೆನ್ನಾಗಿದೆ. ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಅಂದಿನಿಂದ ಒಬ್ಬರು ಇಲ್ಲಿ, ಒಬ್ಬರು ಮಗನ ಜೊತೆ ಮನೆಯಲ್ಲಿ.

ಇಂದು ಮೂರನೆಯ ಸಾಲಿನಲ್ಲಿ ನೋಡಿ, ನೀಲಿ ಸೀರೆ. ಕೌಸಲ್ಯಾನೇ. ಶನಿವಾರವಾದರೂ ಅಲ್ಲಿ ಶಾಲೆಯಿದೆ. "ರಂಡುಪೇರುಂ ಪೋಯಿಟ್ಟು ವರೂ" ಎಂದರು ಸುಮಿತ್ರ ಟೀಚರ್. ಇಬ್ಬರೂ ಹೋಗಿ ಬನ್ನಿ, ನೀವು ಬರುವವರೆಗೆ ಅವನು ನನ್ನ ಮನೆಯಲ್ಲಿರಲಿ ಎಂದರು. ಬೆಳಗಿನ ರೈಲಿನಲ್ಲಿ ಅಕ್ಕಪಕ್ಕ ಕೂತು ಬಂದೆವು. ದಾರಿಯುದ್ದಕ್ಕೂ ಇಬ್ಬರೂ ಈ ಫೋನನ್ನೇ ನೋಡುತ್ತಿದ್ದೆವು.

ಅಲ್ಲಿ ಊಟದ ಬೆಲ್ ಆಗಲೇ ಆಗಿರಬೇಕು. ಬಾರಿಸಿದವನು ನಮ್ಮ ಮಗ. ಕೌಸಲ್ಯಾ, ನೋಡು, ಫೋನ್ ಬಂದಿಲ್ಲ.

ಪಾವನಾ ಅವರೇ, ಇದನ್ನು ಆಫ್ ಮಾಡುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಆದರೆ ಜೇಬಿಗೆ ಹಾಕಿಕೊಳ್ಳುತ್ತಿದ್ದೇನೆ. ಕರೆಸಿ ಗೌರವಿಸಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಊಟಕ್ಕೆ ನಮ್ಮಿಬ್ಬರಿಗೂ ಪಕ್ಕಪಕ್ಕದಲ್ಲೇ ಎಲೆ ಹಾಕಿಸಿ. ನಮಸ್ಕಾರ.