ಸಪಾಟು ಅಂದವನು

ಬಾಗಿಲು ಮುಂದೆ ಮಾಡಿ, ಹೇಳ್ತೀನಿ. ಇದು ಯಾರೋ ಎಲ್ಲೋ ಕಟ್ಟಿದ ಕತೆಯಲ್ಲ. ನಮ್ಮ ಪಕ್ಕದ ಮನೆ ಸೂಲಗಿತ್ತಿ ಬಾಸಿಲಿಯಾಗೆ ಆದದ್ದು. ದೆವ್ವ ಅಂದರೆ ನಕ್ಕುಬಿಡುವ ಹೆಂಗಸು ಅವಳು. ಅವಳ ಅನುಮಾನವೆಲ್ಲ ಬದುಕಿದವರ ಮೇಲೆ.

ಆವತ್ತು ಆಲೂಗಡ್ಡೆ ಹೊಲದಿಂದ ಬರುವಾಗ ಕತ್ತಲಾಗಿತ್ತು. ಕಣಿವೆಯ ನೆತ್ತಿಯಲ್ಲಿ, ದಾರಿಹೋಕರೆಲ್ಲ ಒಂದೊಂದು ಕಲ್ಲಿಟ್ಟು ಹೋಗುತ್ತಾರಲ್ಲ, ಆ ಗುಡ್ಡೆಯ ಹತ್ತಿರ ಒಬ್ಬ ನಿಂತಿದ್ದ. ಮೈಮೇಲೆ ಪೊಂಚೋ, ತಲೆ ತೂರಿಸಿ ಹೊದೆಯುವ ಉಣ್ಣೆ ಕಂಬಳಿ. ಕಿವಿ ಮುಚ್ಚುವ ಉಣ್ಣೆ ಟೋಪಿ, ಅದರ ಒಂದು ಕಿವಿ ಹರಿದಿತ್ತು.

"ಉಚುಪಾಟದ ನಿಕಾಂದ್ರಾಗೆ ನೋವು ಶುರುವಾಗಿದೆ. ಬಾಮ್ಮ."

"ನೀನ್ಯಾರು?"

"ಬೇಗ ಬಾಮ್ಮ..."

ಬಾಸಿಲಿಯಾಗೆ ಅಲ್ಲೇ ಅನುಮಾನ. ಕಳ್ಳನೋ, ಕುಡುಕನೋ. ಆದರೆ ನಿಕಾಂದ್ರಾಳ ಚೊಚ್ಚಲ ಮಗು ಹೊಟ್ಟೆಯಲ್ಲೇ ಸತ್ತಿತ್ತು. ಅಂದು ಬಾಸಿಲಿಯಾಳನ್ನು ಕರೆಯಲು ಹೊರಟ ನಿಕಾಂದ್ರಾಳ ಅಣ್ಣ ಮೆಲಿಟೋನ್ ಬರಲೇ ಇಲ್ಲ. ತಂಗಿಯನ್ನು ಸಾಯಲು ಬಿಟ್ಟು ಗಣಿಗೆ ಓಡಿಹೋದ ಅಂತ ಊರೆಲ್ಲ ಉಗಿಯಿತು. ಗಣಿಯಲ್ಲಿ ಕಂಡೆ ಅಂದವರೂ ಇದ್ದರು. ಈ ಸಲವೂ ತಪ್ಪಿದರೆ ನಿಕಾಂದ್ರಾ ಉಳಿಯುವುದಿಲ್ಲ. ಬಾಸಿಲಿಯಾ ಹೊರಟಳು.

ಕತ್ತಲಲ್ಲಿ ನಮ್ಮವರು ಹೇಗೆ ನಡೆಯುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಮುಂದಿನವನು ದಾರಿಯ ಹೆಸರು ಹೇಳಬೇಕು. ಹಿಂದಿನವರು ಅದನ್ನೇ ತಿರುಗಿ ಹೇಳಬೇಕು. ಹೇಳದಿದ್ದರೆ ಮುಂದಿನವನು ಹೆಜ್ಜೆ ಕೀಳುವ ಹಾಗಿಲ್ಲ.

"ಕಲ್ಲು."

"ಕಲ್ಲು."

"ಇಳಿಜಾರು."

"ಇಳಿಜಾರು."

ಅವಳ ಟೈರಿನ ಚಪ್ಪಲಿ ಚಟ್... ಚಟ್... ಅನ್ನುತ್ತಿತ್ತು. ಕಿವಿಗೊಟ್ಟಳು. ಒಂದೇ ಜೊತೆ ಕಾಲಿನ ಸದ್ದು, ಅವಳದ್ದೇ.

"ನೀರು," ಅಂದ ಅವನು.

ಅವಳು ಕಾಲಿಟ್ಟಳು. ಒಣ ಹರಳು, ಗರಗರ ಅಂತು. ಎಷ್ಟೋ ಮಳೆಗಾಲದ ಹಿಂದೆ ಗುಡ್ಡ ಜರಿದಾಗಲೇ ಆ ಕಾಲುವೆ ಬತ್ತಿತ್ತು. ಈ ದಾರಿಯ ಗಂಧಗಾಳಿಯೂ ಇಲ್ಲ ಇವನಿಗೆ.

"ನೀರು," ಅಂದಳು. "ಏನಪ್ಪಾ, ಚೆನ್ನಾಗಿ ಏರಿಸಿದ್ದೀಯಾ ಹೆಂಗೆ?"

"ಇಲ್ಲಮ್ಮ. ಅವಳು ಒಬ್ಬಳೇ ಇದ್ದಾಳೆ."

ದಾರಿ ಕವಲೊಡೆಯಿತು. ಅವನು ಎಡಕ್ಕೆ ತಿರುಗಿದ.

"ಎರಡು ನೀಲಗಿರಿ ಮರದ ನಡುವೆ ಇಳಿಯೋಣ. ಹತ್ತಿರ ಆಗುತ್ತೆ."

ಅಲ್ಲಿ ನೀಲಗಿರಿ ಇರಲಿಲ್ಲ. ಗುಡ್ಡದ ಜೊತೆಗೇ ಹೋಗಿದ್ದವು. ಬಾಸಿಲಿಯಾ ನಿಂತಳು.

"ಸಪಾಟು," ಅಂದ ಅವನು, ಮುಂದಿನಿಂದ.

ಅವಳು ಬಗ್ಗಿ ಒಂದು ಕಲ್ಲು ತೆಗೆದು ಆ ದನಿಯ ಕಡೆ ಎಸೆದಳು. ಸದ್ದಿಲ್ಲ... ಸದ್ದಿಲ್ಲ... ಆಮೇಲೆ ಎಲ್ಲೋ ಪಾತಾಳದಲ್ಲಿ, ಟಕ್.

"ಸಪಾಟು, ಅಮ್ಮ... ಸಪಾಟು..."

ಅವಳು ತಿರುಗಿ ಹೇಳಲಿಲ್ಲ. ತುಟಿ ಕಚ್ಚಿಕೊಂಡು ಬಲಗಡೆಯ ಮೇಲ್ದಾರಿ ಹಿಡಿದಳು. ಹಿಂದೆ ಆ ದನಿ ಅಲ್ಲೇ ನಿಂತು ಕರೆಯುತ್ತಲೇ ಇತ್ತು. ಸಿಟ್ಟಿನ ದನಿಯಲ್ಲ. ಕಂಗಾಲಾದವನ ದನಿ.

ಉಚುಪಾಟದಲ್ಲಿ ನಿಕಾಂದ್ರಾಳ ಗಂಡ ಸಬೀನೋ ಹೊಸ್ತಿಲಲ್ಲಿ ಕೂತು ಚಪ್ಪಲಿ ಕಟ್ಟಿಕೊಳ್ಳುತ್ತಿದ್ದ. ಅವಳನ್ನು ಕಂಡು ಹೌಹಾರಿದ.

"ನಿಮ್ಮನ್ನ ಕರೆಯೋಕೇ ಹೊರಟಿದ್ದೆ. ಯಾರು ಹೇಳಿದ್ರು ನಿಮಗೆ?"

"ಆಮೇಲೆ ಹೇಳ್ತೀನಿ. ಬಿಸಿನೀರು ಇಡು."

ಮಗುವಿನ ಕಾಲು ಮುಂದಾಗಿತ್ತು. ಇನ್ನು ಸ್ವಲ್ಪ ತಡವಾಗಿದ್ದರೂ ಎರಡೂ ಜೀವ ಹೋಗುತ್ತಿದ್ದವು. ಬೆಳಗಿನ ಜಾವ ಹೆಣ್ಣುಮಗು ಕಿರುಚಿತು. ಆಗ ಬಾಸಿಲಿಯಾ ಕರೆಯಲು ಬಂದವನ ವಿಷಯ ಹೇಳಿದಳು.

"ಟೋಪಿಯ ಒಂದು ಕಿವಿ ಹರಿದಿತ್ತು."

ನಿಕಾಂದ್ರಾ ಮಲಗಿದ್ದಲ್ಲೇ ಮುಖ ಮುಚ್ಚಿಕೊಂಡಳು.

"ಎಡಗಡೇದಾ?"

"ಹೂಂ."

"ನಮ್ಮ ಮೆಲಿಟೋನ್... ಓಡಿಹೋಗಿರಲಿಲ್ಲ ಅವನು..."

ಸಬೀನೋ ತಲೆ ಬಗ್ಗಿಸಿದ. ಮೆಲಿಟೋನ್ ಹೆಸರೆತ್ತಿದರೆ ಉಗಿಯುತ್ತಿದ್ದವನು ಅವನೇ. ಬಾಸಿಲಿಯಾಗೆ ಈಗ ತಿಳಿಯಿತು. ತನ್ನನ್ನು ಕರೆಯಲು ಹೊರಟ ರಾತ್ರಿಯೇ ಗುಡ್ಡ ಜರಿದು ಮೆಲಿಟೋನ್ ಅದರಡಿ ಹೋಗಿದ್ದ; ಗುಡ್ಡ ಜರಿದದ್ದೇ ಅವನಿಗೆ ಗೊತ್ತಿಲ್ಲ. ಪಾಪ, ಇವತ್ತಿಗೂ ಕರೆಯಲು ಬರುತ್ತಲೇ ಇದ್ದಾನೆ.

ಹಿಂತಿರುಗುವಾಗ ಅವಳು ಕವಲಿನಲ್ಲಿ ನಿಂತಳು. ಆಳದಲ್ಲಿ ಬರೀ ಕೆಂಪು ಮಣ್ಣು.

"ಸಪಾಟು ಕಣಪ್ಪ," ಅಂದಳು ಮೆಲ್ಲಗೆ. "ಹೆಣ್ಣುಮಗು. ಇಬ್ಬರೂ ಚೆನ್ನಾಗಿದ್ದಾರೆ. ನೀನಿನ್ನು ಮನೆಗೆ ಹೋಗು."

ಅದಾದ ಮೇಲೆ ಆ ದಾರಿಯಲ್ಲಿ ಯಾರೂ ಅವನನ್ನು ಕಂಡಿಲ್ಲ.

ನಂಬದಿದ್ದರೆ ಬಿಡಿ. ಆದರೆ ಬಾಸಿಲಿಯಾ ಉಟ್ಟುಬಂದ ಲಂಗವನ್ನು ಆವತ್ತು ಒಲೆಯ ಹತ್ತಿರ ಒಣಹಾಕಿದವಳು ನಮ್ಮಮ್ಮ. ಮಳೆ ಬಿದ್ದು ತಿಂಗಳುಗಟ್ಟಲೆ ಆಗಿತ್ತು. ಕಾಲುವೆ ದಾಟಿ ಬಂದವಳ ಹಾಗೆ ಲಂಗ ಮೊಣಕಾಲಿನವರೆಗೂ ಒದ್ದೆಯಾಗಿತ್ತು.